ಜೈಲು ವಾರ್ಡರ್ ಹುದ್ದೆಗೆ ಓದುತ್ತಿದ್ದೇನೆ, ಕೆಲಸ ಬಿಟ್ಟು ಧಾರವಾಡಕ್ಕೆ ಹೋಗಲೇ?

ಪ್ರಶ್ನೆ: ಸರ್, ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯವಳು. ವಯಸ್ಸು 24, ಬಿಎ ಮುಗಿದಿದೆ. ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸ, ಸಂಬಳ 11 ಸಾವಿರ. ಜೈಲು ವಾರ್ಡರ್ ಹುದ್ದೆಗೆ ಓದಬೇಕು ಅಂತ ಮನಸ್ಸು ಮಾಡಿದ್ದೇನೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಜೈಲಿನ ಪರೀಕ್ಷೆಗೆ ಬೇರೆಯೇ ಸಿಲಬಸ್ ಇರುತ್ತದೆ, ಧಾರವಾಡದಲ್ಲಿ ಕೋಚಿಂಗ್ ತಗೊಳ್ಳದಿದ್ದರೆ ಆಗೋದೇ ಇಲ್ಲ ಅಂತಾರೆ. ಓಡಲು ಹೋದರೆ ಅರ್ಧ ಸುತ್ತಿಗೇ ಉಸಿರು ಕಟ್ಟುತ್ತದೆ. ಮನೆಯ ಗೋಡೆಗೆ ನಿಂತು ಅಳೆದರೆ ಎತ್ತರ 157 ಸೆಂ.ಮೀ. ಆಸುಪಾಸು ಬರುತ್ತದೆ. ನಮ್ಮ ಮಾವನಿಗೆ ಪರಿಚಯದವರೊಬ್ಬರು ಆರು ಲಕ್ಷ ಕೊಟ್ಟರೆ ಮಾಡಿಸಿಕೊಡುತ್ತೇನೆ, ಅರ್ಧ ಮುಂಗಡ ಅಂತ ಹೇಳಿದ್ದಾರೆ. ನಮ್ಮಣ್ಣನ ಮೇಲೆ ಜಾತ್ರೆ ಗಲಾಟೆಯ ಒಂದು ಕೇಸ್ ಇದೆ, ಅದರಿಂದ ನನಗೆ ತೊಂದರೆ ಆಗುತ್ತದಾ? ಅಮ್ಮ ಮಾತ್ರ "ಹೆಣ್ಣುಮಗಳು ಜೈಲಿನ ಕೆಲಸಕ್ಕೆ ಹೋಗೋದಾ" ಅಂತ ಅಳುತ್ತಾಳೆ. ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಏಳು ಪ್ರಶ್ನೆಗಳಿವೆ. ಅದರಲ್ಲಿ ಓದಿಗೆ ಸಂಬಂಧಿಸಿದ್ದು ಎರಡೇ. ಈ ಹುದ್ದೆಗೆ ತಯಾರಾಗುವವರು ಸಾಮಾನ್ಯವಾಗಿ ಓದಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಮೊದಲು ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಇಂಥ ಹುದ್ದೆಗಳಿಗೆ ಓದುವವರಿಗೆ ಪಾಠ ಹೇಳುತ್ತಾ ಬಂದವನು ನಾನು. ನಾನು ಕಂಡಂತೆ, ಚೆನ್ನಾಗಿ ಓದಿದವರೂ ಕೈ ತಪ್ಪಿಸಿಕೊಳ್ಳುವುದು ಬೇರೆ ಜಾಗಗಳಲ್ಲಿ. ಗೊತ್ತಿರುವ ಪ್ರಶ್ನೆಗೇ ತಪ್ಪು ಗುರುತು ಹಾಕುತ್ತಾರೆ. ಮೈದಾನದಲ್ಲಿ ಉಸಿರು ಕಟ್ಟಿ ನಿಂತುಬಿಡುತ್ತಾರೆ. ದಾಖಲೆ ಪರಿಶೀಲನೆಯ ದಿನ ಒಂದು ಸರ್ಟಿಫಿಕೇಟ್ ಇಲ್ಲದೆ ಮೀಸಲಾತಿ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಕೆಲಸ ಸಿಕ್ಕ ಮೇಲೆ "ಇದು ಹೀಗಿರುತ್ತೆ ಅಂತ ಗೊತ್ತಿರಲಿಲ್ಲ" ಅಂತ ವಾಪಸ್ ಬರುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆಗಳನ್ನು ನನ್ನ ಲೆಕ್ಕದಲ್ಲಿ ಜೋಡಿಸಿಕೊಂಡು ಉತ್ತರಿಸುತ್ತೇನೆ.

ಜೈಲಿಗೆ ಅಂತ ಗುಟ್ಟಿನ ಸಿಲಬಸ್ ಯಾವುದೂ ಇಲ್ಲ. ನಮ್ಮ ರಾಜ್ಯದಲ್ಲಿ ವಾರ್ಡರ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಮಟ್ಟದ ವಿದ್ಯಾರ್ಹತೆ ಕೇಳುತ್ತಾರೆ, ಜೈಲರ್ ಹುದ್ದೆಗೆ ಪದವಿ. ನೀವು ಬಿಎ ಮಾಡಿದ್ದೀರಿ, ಜೈಲರ್ ಹುದ್ದೆ ಕರೆದಾಗ ಅದಕ್ಕೂ ಅರ್ಜಿ ಹಾಕಿ. ವಾರ್ಡರ್ ಪರೀಕ್ಷೆಗೆ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ದಾರಿಯಲ್ಲೇ ತಯಾರಾಗಬೇಕು: ಸಾಮಾನ್ಯ ಜ್ಞಾನ, ವಿಜ್ಞಾನ, ಭೂಗೋಳ, ಇತಿಹಾಸ, ಸಂವಿಧಾನ, ಕರ್ನಾಟಕದ ವಿಷಯ, ಪ್ರಚಲಿತ ವಿದ್ಯಮಾನ, ಮಾನಸಿಕ ಸಾಮರ್ಥ್ಯ. ಕಾನ್‌ಸ್ಟೆಬಲ್ ಪರೀಕ್ಷೆಯ ಮಾದರಿ ಅಂದರೆ 100 ಪ್ರಶ್ನೆ, 90 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇದನ್ನೇ ಗುರಿ ಇಟ್ಟುಕೊಂಡು ಓದಿ. ಅಧಿಸೂಚನೆ ಬಂದ ದಿನ ಸಾಲುಸಾಲಾಗಿ ಓದಿ ವ್ಯತ್ಯಾಸ ಇದ್ದರೆ ಸರಿಮಾಡಿಕೊಳ್ಳಿ.

ಹೀಗೆ ಓದುವುದರಲ್ಲಿ ಇನ್ನೊಂದು ಲಾಭ ಇದೆ. ವಾರ್ಡರ್ ಹುದ್ದೆಗಳನ್ನು ವರ್ಷವರ್ಷವೂ ಕರೆಯುವುದಿಲ್ಲ. ಅದೊಂದಕ್ಕೇ ಕಾದು ಕೂತರೆ ವಯಸ್ಸು ಜಾರಿಹೋಗುತ್ತದೆ. ಇದೇ ಓದು ಕಾನ್‌ಸ್ಟೆಬಲ್, ಅಬಕಾರಿ ರಕ್ಷಕ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಗಳಿಗೂ ಬಹುಪಾಲು ಆಗಿಬರುತ್ತದೆ. ನಾಲ್ಕು ಬಾಗಿಲು ತಟ್ಟಿ, ಯಾವುದು ಮೊದಲು ತೆರೆದರೂ ಒಳಗೆ ಹೋಗಿ.

ಪುಸ್ತಕದ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ರಾಜ್ಯ ಪಠ್ಯಕ್ರಮದ 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನ ಮತ್ತು ವಿಜ್ಞಾನ ಪುಸ್ತಕಗಳನ್ನು ಮೊದಲು ಪೂರ್ತಿ ಓದಿ. ಪಿಡಿಎಫ್ ಉಚಿತವಾಗಿ ಸಿಗುತ್ತದೆ, ನಿಮ್ಮ ಶಾಲೆಯ ಲೈಬ್ರರಿಯಲ್ಲೂ ಇರುತ್ತದೆ. ಆಮೇಲೆ ಹಳೆಯ ಕಾನ್‌ಸ್ಟೆಬಲ್ ಪ್ರಶ್ನೆಪತ್ರಿಕೆಗಳು. ದಿನಕ್ಕೊಂದು ಕನ್ನಡ ಪತ್ರಿಕೆ. ಮಾನಸಿಕ ಸಾಮರ್ಥ್ಯದ ಲೆಕ್ಕ ದಿನಕ್ಕೆ ಹದಿನೈದಾದರೂ ಮಾಡಿ, ಇದು ಓದಿದರೆ ಬರುವುದಲ್ಲ, ಕೈಗೆ ಹತ್ತಬೇಕು. ದಪ್ಪ ದಪ್ಪ ಗೈಡುಗಳನ್ನು ಕೊಂಡು ರಾಶಿ ಹಾಕಬೇಡಿ.

ಪ್ರಶ್ನೆಯನ್ನು ಹೇಗೆ ಬಿಡಿಸುತ್ತೀರಿ ಎಂಬುದರ ಮೇಲೆ ಮಾತ್ರ ಸ್ವಲ್ಪ ಹೊತ್ತು ನಿಲ್ಲೋಣ. ಅಂಕ ಹೋಗುವುದೇ ಇಲ್ಲಿ. ಒಂದು ಪ್ರಶ್ನೆ ನೋಡಿ: "ಇವುಗಳಲ್ಲಿ ರಾಜ್ಯ ಪಟ್ಟಿಗೆ ಸೇರದ್ದು ಯಾವುದು? ಪೊಲೀಸ್, ಕಾರಾಗೃಹ, ಸಾರ್ವಜನಿಕ ಸುವ್ಯವಸ್ಥೆ, ಅರಣ್ಯ." ಗಡಿಬಿಡಿಯಲ್ಲಿ ಓದುವವರು "ಸೇರದ್ದು" ಎಂಬುದನ್ನು "ಸೇರಿದ್ದು" ಎಂದು ಓದಿಕೊಂಡು ಮೊದಲ ಆಯ್ಕೆಗೇ ಗುರುತು ಹಾಕಿಬಿಡುತ್ತಾರೆ. ನಿಧಾನವಾಗಿ ಓದುವವರಿಗೆ ಕೇಂದ್ರ, ರಾಜ್ಯಗಳ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿ ನೆನಪಾಗುತ್ತದೆ. ರಾಜ್ಯ ಪಟ್ಟಿಯಲ್ಲಿ ಸಾರ್ವಜನಿಕ ಸುವ್ಯವಸ್ಥೆ 1ನೇ ನಮೂದು, ಪೊಲೀಸ್ 2ನೇದು, ಕಾರಾಗೃಹ 4ನೇದು. ಅರಣ್ಯವೂ ಮೊದಲು ಅಲ್ಲೇ ಇತ್ತು. 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿಗೆ, ಹೋಯಿತು. ಉತ್ತರ ಅರಣ್ಯ. ತಿದ್ದುಪಡಿ ನೆನಪಾಗದಿದ್ದರೂ ಪರವಾಗಿಲ್ಲ. ಮೊದಲ ಮೂರೂ ರಾಜ್ಯದ ಗೃಹ ಇಲಾಖೆಯ ಕೆಲಸ ಎಂದು ಹೊಳೆದರೆ ಸಾಕು, ಉಳಿಯುವುದು ಒಂದೇ.

ಊಹೆ ಮಾಡಿ ಗುರುತು ಹಾಕಬೇಕೋ ಬೇಡವೋ ಅಂತ ಎಲ್ಲರೂ ಕೇಳುತ್ತಾರೆ. "ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ" ಎಂದು ಹೇಳುವ ಮೇಷ್ಟ್ರುಗಳಿದ್ದಾರೆ. ಲೆಕ್ಕ ಮಾತ್ರ ಹಾಗೆ ಹೇಳುವುದಿಲ್ಲ. ನಾಲ್ಕು ಆಯ್ಕೆಗಳಿವೆ, ತಪ್ಪಾದರೆ ಕಾಲು ಅಂಕ ಹೋಗುತ್ತದೆ ಎಂದುಕೊಳ್ಳಿ. ಕಣ್ಣು ಮುಚ್ಚಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಒಂದು ಅಂಕ ಬಂತು, ಮುಕ್ಕಾಲು ಹೋಯಿತು. ಉಳಿದದ್ದು ಕಾಲು ಅಂಕ. ಅಂದರೆ ಲಾಭ ನಷ್ಟ ಎರಡೂ ಇಲ್ಲ ಅನ್ನುವಷ್ಟು ಕಡಿಮೆ, ಅದೃಷ್ಟ ಕೆಟ್ಟರೆ ಕೈ ಕಚ್ಚುತ್ತದೆ. ಆದರೆ ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ಅಲ್ಲ ಎಂದು ತಳ್ಳಿಹಾಕಲು ಸಾಧ್ಯವಾದರೆ ಕಥೆಯೇ ಬೇರೆ. ಅಂಥ ಎಂಟು ಪ್ರಶ್ನೆಗಳಲ್ಲಿ ಸರಾಸರಿ ನಾಲ್ಕು ಸರಿ, ನಾಲ್ಕು ತಪ್ಪು. ನಾಲ್ಕು ಬಂತು, ಒಂದು ಹೋಯಿತು, ಕೈಯಲ್ಲಿ ಮೂರು ಅಂಕ. ಅರ್ಧ ಅಂಕಕ್ಕೂ ಪಟ್ಟಿಯಲ್ಲಿ ಜಾಗ ಬದಲಾಗುವ ಪರೀಕ್ಷೆಯಲ್ಲಿ ಮೂರು ಅಂಕ ಜಾಸ್ತಿಯೇ. ಹಾಗಾಗಿ ನನ್ನ ಸಲಹೆ: ಎರಡು ಆಯ್ಕೆ ಹೊಡೆದುಹಾಕಿದ್ದರೆ ಗುರುತು ಹಾಕಿ. ಒಂದನ್ನೂ ಹೊಡೆಯಲಾಗದಿದ್ದರೆ ಬಿಟ್ಟು ಮುಂದೆ ಹೋಗಿ.

ಮನೆಯಲ್ಲಿ ಮಾಕ್ ಟೆಸ್ಟ್ ಬರೆದಾಗ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ತಪ್ಪಿನ ಮುಂದೆ ಕಾರಣ ಇರಲಿ: ಗೊತ್ತಿರಲಿಲ್ಲ, ಓದಿದ್ದೆ ಮರೆತೆ, ಪ್ರಶ್ನೆ ಸರಿಯಾಗಿ ಓದಲಿಲ್ಲ. ಎರಡು ವಾರ ಬಿಟ್ಟು ನೋಡಿ, ಮೂರನೇ ಕಾರಣ ಎಷ್ಟು ಜಾಸ್ತಿ ಇದೆ ಅಂತ ನಿಮಗೇ ಗಾಬರಿಯಾಗುತ್ತದೆ. ಅದಕ್ಕೆ ಹೊಸ ಪುಸ್ತಕ ಬೇಕಿಲ್ಲ. "ಅಲ್ಲ", "ಹೊರತುಪಡಿಸಿ", "ಸೇರದ" ಎಂಬ ಪದಗಳ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆಯುವ ಅಭ್ಯಾಸ ಸಾಕು. ಒಎಂಆರ್ ಹಾಳೆಯ ಮೇಲೂ ಅಭ್ಯಾಸ ಮಾಡಿ. 100 ವೃತ್ತ ತುಂಬಲು ಹತ್ತು ನಿಮಿಷ ಬೇಕು. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದು ಬಿಟ್ಟು ಬೆಲ್ ಹೊಡೆದಾಗ ಅಳುವವರನ್ನು ನೋಡಿದ್ದೇನೆ.

ಈಗ ಓಟ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮಹಿಳೆಯರಿಗೆ 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕು. ಉದ್ದ ಜಿಗಿತ 2.50 ಮೀಟರ್ ಅಥವಾ ಎತ್ತರ ಜಿಗಿತ 0.90 ಮೀಟರ್, ಜೊತೆಗೆ 4 ಕೆ.ಜಿ. ಗುಂಡನ್ನು 3.75 ಮೀಟರ್ ಎಸೆಯಬೇಕು. ಇದನ್ನೇ ಅಳತೆಗೋಲು ಮಾಡಿಕೊಂಡು ತಯಾರಾಗಿ. ಇಲ್ಲಿ ಪಾಸ್ ಅಥವಾ ಫೇಲ್ ಅಷ್ಟೇ. ಪಟ್ಟಿ ತಯಾರಾಗುವುದು ಲಿಖಿತ ಪರೀಕ್ಷೆಯ ಅಂಕದ ಮೇಲೆ. ಹಾಗಂತ ಉಡಾಫೆ ಬೇಡ, ಲಿಖಿತದಲ್ಲಿ 70 ಬಂದಿದ್ದರೂ ಮೈದಾನದಲ್ಲಿ ಎರಡು ಸೆಕೆಂಡ್ ತಡವಾದರೆ ಮನೆಗೆ.

ಎರಡು ನಿಮಿಷಕ್ಕೆ 400 ಮೀಟರ್ ಎಂದರೆ ಗಂಟೆಗೆ 12 ಕಿ.ಮೀ. ವೇಗ. ಆರೋಗ್ಯವಾಗಿರುವ 24 ವರ್ಷದವರಿಗೆ ಮೂರು ತಿಂಗಳ ಅಭ್ಯಾಸದಲ್ಲಿ ಸಿಗುವ ವೇಗವೇ. ಹಾಗಾದರೆ ನಿಮಗೆ ಅರ್ಧ ಸುತ್ತಿಗೇ ಉಸಿರು ಕಟ್ಟುವುದು ಏಕೆ? ಎರಡು ಕಾರಣ ಇರಬಹುದು.

ಒಂದು, ಶುರುವಿನಲ್ಲೇ ಜೋರಾಗಿ ಓಡುತ್ತಿದ್ದೀರಿ. ಬಹುತೇಕ ಎಲ್ಲ ಹೊಸಬರೂ ಮಾಡುವುದು ಇದನ್ನೇ. ಮೊದಲ 100 ಮೀಟರ್ ಹಾರಿದಂತೆ ಓಡಿದರೆ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕವನ್ನು ಶ್ವಾಸಕೋಶ, ಹೃದಯ ಸೇರಿ ಒದಗಿಸಲು ಆಗುವುದಿಲ್ಲ. 250 ಮೀಟರ್ ಹೊತ್ತಿಗೆ ಕಾಲು ಕಲ್ಲಿನಂತಾಗುತ್ತದೆ. ಮೊದಲ 200 ಮೀಟರ್ 55 ಸೆಕೆಂಡಿಗೆ, ಉಳಿದ 200 ಕೂಡ 55ಕ್ಕೆ ಎಂದು ಹಂಚಿಕೊಳ್ಳಿ. ಹತ್ತು ಸೆಕೆಂಡ್ ಕೈಯಲ್ಲಿ ಉಳಿಯುತ್ತದೆ. ಮೊದಲ ಮೂರು ವಾರ ಗಡಿಯಾರವೇ ಬೇಡ. ದಿನಕ್ಕೆ 20-25 ನಿಮಿಷ ನಡಿಗೆ, ನಿಧಾನ ಓಟ ಬೆರೆಸಿ ಮಾಡಿ, ಮಾತಾಡುತ್ತಾ ಓಡಲು ಆಗುವಷ್ಟು ನಿಧಾನ. ಆಮೇಲೆ ವಾರಕ್ಕೆ ಎರಡು ದಿನ 200 ಮೀಟರಿನ ಓಟ ನಾಲ್ಕು ಬಾರಿ, ನಡುವೆ ಮೂರು ನಿಮಿಷ ವಿಶ್ರಾಂತಿ. ಪೂರ್ತಿ 400 ಓಡಿ ಸಮಯ ನೋಡುವುದು ಹತ್ತು ದಿನಕ್ಕೊಮ್ಮೆ ಸಾಕು. ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ಓಡಬೇಡಿ, ಮೊಣಕಾಲ ಕೆಳಗಿನ ಮೂಳೆ ನೋವು ಹಿಡಿದರೆ ಒಂದು ತಿಂಗಳು ಹೋಯಿತು. ನಿಮ್ಮ ಶಾಲೆಯ ಮಣ್ಣಿನ ಮೈದಾನವೇ ಒಳ್ಳೆಯದು.

ಎರಡನೇ ಕಾರಣದ ಬಗ್ಗೆ ಯಾವ ಕೋಚಿಂಗ್ ಸೆಂಟರಿನಲ್ಲೂ ಹೇಳುವುದಿಲ್ಲ. ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅಂದರೆ ಇದು ಯಾರಿಗೋ ಬರುವ ಕಾಯಿಲೆಯಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಆಮ್ಲಜನಕ ಸಾಲುವುದಿಲ್ಲ. ಹುಡುಗಿಯರು "ನನಗೆ ಓಟ ಆಗಿಬರಲ್ಲ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಓಟ ಶುರು ಮಾಡುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ಕ್ಕಿಂತ ಕಡಿಮೆ ಬಂದರೆ ಡಾಕ್ಟರ್ ಹೇಳಿದಷ್ಟು ದಿನ ಕಬ್ಬಿಣದ ಮಾತ್ರೆ ತಗೊಳ್ಳಿ. ಊಟವಾದ ಕೂಡಲೇ ಟೀ ಕುಡಿಯುವುದು ಬಿಡಿ, ಅದು ಕಬ್ಬಿಣಾಂಶ ಹೀರಿಕೊಳ್ಳಲು ಬಿಡುವುದಿಲ್ಲ. ಇದಕ್ಕೆ ಎರಡು ಮೂರು ತಿಂಗಳು ಬೇಕು. ಅಧಿಸೂಚನೆ ಬಂದ ಮೇಲೆ ನೋಡೋಣ ಎಂದರೆ ಸಮಯ ಸಾಲದು.

ಮೈದಾನದ ಹತ್ತಿರ "ಶಕ್ತಿ ಬರುತ್ತೆ" ಎಂದು ಇಂಜೆಕ್ಷನ್, ಪುಡಿ, ಮಾತ್ರೆ ಕೊಡುವವರು ಇರುತ್ತಾರೆ. ಮುಟ್ಟಬೇಡಿ. ಬಿಸಿಲಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಹೊಟ್ಟೆಯಲ್ಲಿ ಏನೂ ಇಲ್ಲದೆ, ಇಂಥದ್ದನ್ನು ತಗೊಂಡು ಓಡಿದರೆ ಪ್ರಾಣಕ್ಕೇ ಕುತ್ತು.

ಎತ್ತರದ ವಿಷಯ. ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಮಹಿಳೆಯರಿಗೆ 157 ಸೆಂ.ಮೀ. ಕೇಳುತ್ತಾರೆ. ನೀವು ಸರಿಯಾಗಿ ಗಡಿಯ ಮೇಲಿದ್ದೀರಿ. 24ರ ವಯಸ್ಸಿನಲ್ಲಿ ಮೂಳೆ ಬೆಳೆಯುವುದಿಲ್ಲ, ಯಾವ ಔಷಧಿಯೂ, ನೇತಾಡುವ ವ್ಯಾಯಾಮವೂ ಬೆಳೆಸುವುದಿಲ್ಲ. ಅಂಥ ಪುಡಿಗೆ ಒಂದು ರೂಪಾಯಿಯೂ ಹಾಕಬೇಡಿ. ಆದರೆ ಮನುಷ್ಯರ ಎತ್ತರ ಬೆಳಿಗ್ಗೆ ಎದ್ದಾಗ ಸ್ವಲ್ಪ ಜಾಸ್ತಿ ಇರುತ್ತದೆ, ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಭಾರಕ್ಕೆ ಒತ್ತಿಕೊಳ್ಳುತ್ತವೆ. ಆಸ್ಪತ್ರೆಯ ಎತ್ತರದ ಅಳತೆಪಟ್ಟಿಯಲ್ಲಿ ಬರಿಗಾಲಲ್ಲಿ, ಹಿಮ್ಮಡಿ ಮತ್ತು ಬೆನ್ನು ತಾಗಿಸಿ ನಿಂತು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಅಳೆಸಿ. ಸಂಜೆಯೂ 157 ದಾಟಿದರೆ ನಿಶ್ಚಿಂತೆ. ಬೆಳಿಗ್ಗೆಯೂ ದಾಟದಿದ್ದರೆ ಮನಸ್ಸು ಗಟ್ಟಿ ಮಾಡಿಕೊಂಡು ಎತ್ತರ ಕೇಳದ ಹುದ್ದೆಗಳ ಕಡೆ ತಿರುಗಿ. ಎಸ್‌ಡಿಎ, ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಇದೇ ಓದು ನಡೆಯುತ್ತದೆ. ಇದನ್ನು ಈ ವಾರವೇ ಖಚಿತ ಮಾಡಿಕೊಳ್ಳಿ, ಎರಡು ವರ್ಷ ಓದಿದ ಮೇಲಲ್ಲ.

ನೀವು ಕೇಳದೇ ಇದ್ದರೂ ಹೇಳಲೇಬೇಕಾದ್ದು ಕಾಗದಪತ್ರದ ವಿಷಯ. ನೀವು ಹಳ್ಳಿಯವರು. 1ರಿಂದ 10ನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 25 ಇದೆ. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಮಹಿಳೆಯರಿಗೆ ಶೇ 33. ಇವೆಲ್ಲ ಜಾತಿವಾರು ಮೀಸಲಾತಿಯ ಒಳಗೇ ಸಿಗುವ ಮೀಸಲಾತಿ, ಹಾಗಾಗಿ ಒಬ್ಬರೇ ಒಂದಕ್ಕಿಂತ ಹೆಚ್ಚು ಕೇಳಬಹುದು. ಆದರೆ ಪ್ರಮಾಣಪತ್ರ ಅಧಿಸೂಚನೆ ಹೇಳಿದ ನಮೂನೆಯಲ್ಲೇ ಇರಬೇಕು, ಹೇಳಿದ ದಿನಾಂಕದ ಒಳಗೇ ಪಡೆದಿರಬೇಕು. ಶಾಲೆಯ ಮುಖ್ಯ ಶಿಕ್ಷಕರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಆಗಿರಬೇಕು. ಪ್ರಾಥಮಿಕ ಒಂದು ಶಾಲೆ, ಹೈಸ್ಕೂಲ್ ಇನ್ನೊಂದು ಆಗಿದ್ದರೆ ಎರಡೂ ಕಡೆ ಓಡಾಡಬೇಕು. ಹೈಸ್ಕೂಲ್ ಪಟ್ಟಣದಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಸಿಗುವುದಿಲ್ಲ, ಅದನ್ನು ಅರ್ಜಿಯಲ್ಲಿ ಸುಮ್ನೆ ಟಿಕ್ ಮಾಡಿಬಿಡಬೇಡಿ.

ನಿಮ್ಮ ವರ್ಗ ಯಾವುದೆಂದು ಬರೆದಿಲ್ಲ. 2ಎ, 2ಬಿ, 3ಎ, 3ಬಿ ಆಗಿದ್ದರೆ ಜಾತಿ ಆದಾಯ ಪ್ರಮಾಣಪತ್ರ ಐದು ವರ್ಷಕ್ಕಷ್ಟೇ ಚಾಲ್ತಿ. ಕಾಲೇಜು ಸೇರುವಾಗ ಮಾಡಿಸಿದ್ದು ಈಗ ಮುಗಿದಿರಬಹುದು. ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿ, ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿ ಆನ್‌ಲೈನಿನಲ್ಲಿ ಬರುತ್ತದಾ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ನಿಮ್ಮ ಹೆಸರು, ಇನಿಶಿಯಲ್, ಹುಟ್ಟಿದ ದಿನ ಒಂದೇ ಥರ ಇದೆಯಾ ಎಂದೂ ನೋಡಿ. ಇಲ್ಲದಿದ್ದರೆ ಆಧಾರ್ ತಿದ್ದಿಸಿ, ಅದೇ ಸುಲಭ. ಕೊನೆಯ ವಾರದಲ್ಲಿ ಸರ್ವರ್ ಡೌನ್ ಇರುತ್ತದೆ, ಬಿಇಒ ಮೀಟಿಂಗಿನಲ್ಲಿರುತ್ತಾರೆ.

ಆರು ಲಕ್ಷದ ವಿಷಯಕ್ಕೆ ಬರೋಣ. ಬೇಡ. ಮುಂಗಡವೂ ಬೇಡ, "ಆಮೇಲೆ ನೋಡೋಣ" ಎಂಬ ಮಾತೂ ಬೇಡ. ಈ ದಂಧೆ ಹೇಗೆ ನಡೆಯುತ್ತದೆ ಗೊತ್ತಾ? ದಲ್ಲಾಳಿ ಇಪ್ಪತ್ತು ಜನರಿಂದ ದುಡ್ಡು ತೆಗೆದುಕೊಳ್ಳುತ್ತಾನೆ, ಏನೂ ಮಾಡುವುದಿಲ್ಲ. ಇಪ್ಪತ್ತರಲ್ಲಿ ಇಬ್ಬರೋ ಮೂವರೋ ತಮ್ಮ ಓದಿನಿಂದಲೇ ಪಾಸಾಗುತ್ತಾರೆ. "ನೋಡಿ, ನಾನೇ ಮಾಡಿಸಿದ್ದು" ಎಂದು ಅವರ ದುಡ್ಡನ್ನು ಇಟ್ಟುಕೊಳ್ಳುತ್ತಾನೆ. ಉಳಿದವರಲ್ಲಿ ಗಲಾಟೆ ಮಾಡಿದವರಿಗೆ ಕಂತಿನಲ್ಲಿ ವಾಪಸ್, ಸುಮ್ಮನಿದ್ದವರಿಗೆ ಅದೂ ಇಲ್ಲ. ಪಾಸಾದವರೇ ಊರಿಗೆಲ್ಲ ಅವನ ಪ್ರಚಾರ ಮಾಡುತ್ತಾರೆ. ಪೊಲೀಸರಿಗೆ ದೂರು ಕೊಡೋಣ ಎಂದರೆ ಲಂಚ ಕೊಟ್ಟಿದ್ದೆ ಎಂದು ಒಪ್ಪಿಕೊಳ್ಳಬೇಕು. ಅವನ ಧೈರ್ಯವೇ ಅದು.

ನಿಜವಾಗಿ ಅಕ್ರಮ ನಡೆಸುವವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. 545 ಪಿಎಸ್ಐ ಹುದ್ದೆಗಳ ಪರೀಕ್ಷೆ ನೆನಪಿದೆ ಅಲ್ವಾ? 2021ರ ಅಕ್ಟೋಬರ್‌ನಲ್ಲಿ ನಡೆಯಿತು. ಒಎಂಆರ್ ತಿದ್ದಿದ್ದು ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ದುಡ್ಡು ಕೊಟ್ಟ ಅಭ್ಯರ್ಥಿಗಳು, ನೇಮಕಾತಿ ವಿಭಾಗದ ಅಧಿಕಾರಿಗಳು ಜೈಲು ಸೇರಿದರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಮರುಪರೀಕ್ಷೆ ನಡೆಸಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರು ಎರಡು ವರ್ಷಕ್ಕೂ ಜಾಸ್ತಿ ಕಾದರು. ಅದಾದ ಮೇಲೆ 2023ರಲ್ಲಿ ರಾಜ್ಯ ಸರ್ಕಾರ ಪರೀಕ್ಷಾ ಅಕ್ರಮ ತಡೆಗೆ ಪ್ರತ್ಯೇಕ ಕಾಯ್ದೆಯನ್ನೇ ತಂದಿದೆ, ಅಭ್ಯರ್ಥಿಗೂ ಜೈಲು ಮತ್ತು ಭಾರೀ ದಂಡ ಇದೆ. ವಾರ್ಡರ್ ಆಗಿ ಒಳಗೆ ಹೋಗಬೇಕಾದ ನೀವು ಬಂಧಿಯಾಗಿ ಹೋಗುವ ದಾರಿ ಅದು. ಮಾವನಿಗೆ ಬೇಜಾರಾಗುತ್ತದೆ ಎಂದು ಸಂಕೋಚ ಪಡಬೇಡಿ.

ಧಾರವಾಡಕ್ಕೆ ಹೋಗಬೇಕಾ? ಕೆಲಸ ಬಿಟ್ಟು ಹೋದರೆ ಲಾಭ ಇದೆ: ಓದುವ ವಾತಾವರಣ, ಜೊತೆಗಾರರು, ದಿನವಿಡೀ ಸಮಯ. ಅಲ್ಲಿನ ಸಪ್ತಾಪುರ ಬಡಾವಣೆಯ ಲೈಬ್ರರಿಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೂತು ಓದುವವರನ್ನು ನೋಡಿದರೆ ಯಾರಿಗಾದರೂ ಓದಬೇಕೆನಿಸುತ್ತದೆ. ಆದರೆ ಕೋಚಿಂಗ್ ಫೀಸು, ಪಿಜಿ ಬಾಡಿಗೆ, ಊಟ, ಜೊತೆಗೆ ನಿಂತುಹೋಗುವ 11 ಸಾವಿರ, ಎಲ್ಲ ಸೇರಿಸಿ ಲೆಕ್ಕ ಹಾಕಿ. ಅಧಿಸೂಚನೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲದಾಗ ಈ ಖರ್ಚಿಗೆ ಕೊನೆಯೇ ಇರುವುದಿಲ್ಲ. ಒಂದು ವರ್ಷ ಎಂದು ಹೋದವರು ಮೂರು ವರ್ಷ ಉಳಿದು, ಊರಿಗೆ ವಾಪಸ್ ಬರಲು ಮುಖವಿಲ್ಲದೆ ಕೂತಿರುವುದೂ ಅಲ್ಲೇ. ಆ ನೋವು ನನಗೆ ಚೆನ್ನಾಗಿ ಗೊತ್ತು.

ನಾನಾಗಿದ್ದರೆ ಈಗ ಕೆಲಸ ಬಿಡುತ್ತಿರಲಿಲ್ಲ. ಬೆಳಿಗ್ಗೆ ಓಟ ಮುಗಿಸಿ ಒಂದು ಗಂಟೆ, ರಾತ್ರಿ ಎರಡು ಗಂಟೆ, ಭಾನುವಾರ ಒಂದು ಪೂರ್ತಿ ಮಾಕ್ ಟೆಸ್ಟ್. ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಪತ್ರಿಕೆ, ಪರೀಕ್ಷಾ ಪುಸ್ತಕ ಏನೇನು ಇವೆ ನೋಡಿ, ಇಲ್ಲದಿದ್ದರೆ ತರಿಸಲು ಕೇಳಿ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಉಚಿತ ತರಬೇತಿಗೆ ಅರ್ಜಿ ಕರೆಯುತ್ತವೆ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಆರು ತಿಂಗಳಾದ ಮೇಲೆ ಹಳೆ ಪ್ರಶ್ನೆಪತ್ರಿಕೆಗಳಲ್ಲಿ ಅಂಕ ಏರುತ್ತಾ ಹೋಗಿ ಒಂದು ಕಡೆ ನಿಂತರೆ, ಅಧಿಸೂಚನೆಯೂ ಬಂದಿದ್ದರೆ, ಆಗ ಎರಡು ಮೂರು ತಿಂಗಳಿಗೆ ರಜೆ ಕೇಳಿ ಹೋಗಿ. ಅದರಲ್ಲೂ ಮಾನಸಿಕ ಸಾಮರ್ಥ್ಯಕ್ಕೆ ಮೇಷ್ಟ್ರು ಇದ್ದರೆ ಉಪಯೋಗ. ಇತಿಹಾಸವನ್ನು ನೀವೇ ಓದಿಕೊಳ್ಳಬಹುದು.

ಅಣ್ಣನ ಕೇಸಿನಿಂದ ನಿಮ್ಮ ನೇಮಕಾತಿಗೆ ತೊಂದರೆ ಇಲ್ಲ. ಪೊಲೀಸ್ ಪರಿಶೀಲನೆಯಲ್ಲಿ ನೋಡುವುದು ಅಭ್ಯರ್ಥಿಯ ನಡತೆ, ಅಭ್ಯರ್ಥಿಯ ಮೇಲಿನ ಪ್ರಕರಣ. ಆ ಗಲಾಟೆಯ ಎಫ್‌ಐಆರ್‌ನಲ್ಲಿ ನಿಮ್ಮ ಹೆಸರೂ ಸೇರಿಕೊಂಡಿದೆಯಾ ಎಂದು ಮಾತ್ರ ಖಚಿತಪಡಿಸಿಕೊಳ್ಳಿ. ಜಾತ್ರೆ ಜಗಳಗಳಲ್ಲಿ ಮನೆಮಂದಿಯ ಹೆಸರನ್ನೆಲ್ಲ ಬರೆಸಿಬಿಡುವುದು ಉಂಟು. ಇದ್ದರೆ ಮುಚ್ಚಿಡಬೇಡಿ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಟ್ಟರೆ ಸಿಕ್ಕ ಕೆಲಸವೂ ಹೋಗಬಹುದು. ಸಣ್ಣಪುಟ್ಟ ಪ್ರಕರಣವನ್ನು ನಿಜ ಹೇಳಿದವರ ವಿಷಯದಲ್ಲಿ ಇಲಾಖೆ ಪರಿಗಣಿಸಬಹುದು. ಮುಂದೆ ಎಂದಾದರೂ ನಿಮ್ಮ ಸಂಬಂಧಿಕರು ನೀವಿರುವ ಜೈಲಿಗೇ ಬಂದರೆ ಮೊದಲ ದಿನವೇ ಮೇಲಧಿಕಾರಿಗೆ ತಿಳಿಸಿ.

ಉಳಿದದ್ದು ಅಮ್ಮನ ಭಯ. ನಾನು ಜಾಸ್ತಿ ಬರೆಯಬೇಕೆಂದಿದ್ದು ಇದರ ಬಗ್ಗೆಯೇ. ಅಮ್ಮನನ್ನು ಸಮಾಧಾನ ಮಾಡುವ ಮೊದಲು ಈ ಕೆಲಸ ಏನೆಂದು ನೀವು ಸರಿಯಾಗಿ ತಿಳಿಯಬೇಕು.

ಜೈಲಿನಲ್ಲಿರುವವರೆಲ್ಲ ಕೊಲೆಗಾರರು ಎಂದು ಜನ ತಿಳಿದಿದ್ದಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) 2022ರ ವರದಿಯ ಪ್ರಕಾರ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಬಂಧಿಗಳಲ್ಲಿ 4.34 ಲಕ್ಷ ಮಂದಿ ವಿಚಾರಣಾ ಬಂಧಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತೇ ಆಗಿಲ್ಲ. ಜಾಮೀನಿಗೆ ಯಾರೂ ನಿಲ್ಲದೆ ಕೂತವರು ಅವರಲ್ಲಿ ಬಹಳ ಜನ. ಮಹಿಳಾ ವಿಭಾಗದಲ್ಲಿ ನಿಮಗೆ ಎದುರಾಗುವವರು ವರದಕ್ಷಿಣೆ ಪ್ರಕರಣದ ಅತ್ತೆ, ಕಳ್ಳತನದ ಆರೋಪದ ಮನೆಗೆಲಸದವಳು, ಗಾಂಜಾ ಪ್ರಕರಣದಲ್ಲಿ ಗಂಡನ ಜೊತೆ ಸಿಕ್ಕಿಬಿದ್ದವಳು, ಹಾಗೆಯೇ ನಿಜವಾಗಿ ಘೋರ ಅಪರಾಧ ಮಾಡಿದವರೂ. ಆರು ವರ್ಷದವರೆಗಿನ ಮಕ್ಕಳು ತಾಯಿಯ ಜೊತೆ ಒಳಗಿರಬಹುದು. ಮಹಿಳಾ ಬಂಧಿಗಳ ತಪಾಸಣೆ, ಕಾವಲು ಮಹಿಳಾ ಸಿಬ್ಬಂದಿಯದ್ದೇ ಕೆಲಸ. ಗಂಡಸರ ಬ್ಯಾರಕ್‌ಗಳ ನಡುವೆ ಒಬ್ಬಳೇ ಓಡಾಡುವ ಚಿತ್ರ ಅಮ್ಮನ ಮನಸ್ಸಿನಲ್ಲಿದ್ದರೆ, ಅದು ಹಾಗಲ್ಲ ಎಂದು ಹೇಳಿ.

ಬೆಳಿಗ್ಗೆ ಬ್ಯಾರಕ್ ಬೀಗ ತೆಗೆದ ಕೂಡಲೇ ಎಣಿಕೆ. ಎಲ್ಲರೂ ಸಾಲಾಗಿ ಕೂರುತ್ತಾರೆ, ವಾರ್ಡರ್ ಎಣಿಸುತ್ತಾರೆ, ಆ ಸಂಖ್ಯೆ ರಾತ್ರಿ ಬೀಗ ಹಾಕಿದಾಗಿನ ಪುಸ್ತಕದ ಸಂಖ್ಯೆಗೆ ತಾಳೆಯಾಗಬೇಕು. ಆಸ್ಪತ್ರೆಗೆ ಹೋದವರು, ಕೋರ್ಟಿಗೆ ಹೋಗುವವರು, ಹೊಸದಾಗಿ ಬಂದವರು, ಎಲ್ಲ ಕೂಡಿಸಿ ಕಳೆದು ಒಂದೇ ಒಂದು ಹೆಚ್ಚು ಕಡಿಮೆ ಬಂದರೂ ಮತ್ತೆ ಮೊದಲಿಂದ. ಆಮೇಲೆ ತಿಂಡಿ, ಸಂದರ್ಶನ (ಮನೆಯವರ ಭೇಟಿ), ಕೋರ್ಟ್, ಡಾಕ್ಟರ್. ಸಂಜೆ ಮತ್ತೆ ಎಣಿಕೆ, ಬೀಗ. ದಿನಕ್ಕೆ ಹಲವು ಬಾರಿ ಇದೇ, ವರ್ಷಗಟ್ಟಲೆ ಇದೇ. ಈ ಕೆಲಸಕ್ಕೆ ಬೇಕಾದ ಧೈರ್ಯ ಸಿನಿಮಾದ ಥರದ್ದಲ್ಲ. ಬೇಸರ ಬಂದರೂ ಎಣಿಕೆ ತಪ್ಪದ ಮನಸ್ಸು ಬೇಕು.

ಕಷ್ಟಗಳನ್ನೂ ಹೇಳುತ್ತೇನೆ. ಅದೇ ವರದಿಯಲ್ಲಿ ದೇಶದ ಜೈಲುಗಳು ಸಾಮರ್ಥ್ಯದ ಶೇ 131ರಷ್ಟು ತುಂಬಿದ್ದವು. ಸಿಬ್ಬಂದಿ ಮಾತ್ರ ಕಡಿಮೆ. ಆರು ಬಂಧಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆಂದು ಕೇಂದ್ರದ 2016ರ ಮಾದರಿ ಜೈಲು ಕೈಪಿಡಿ ಹೇಳುತ್ತದೆ. ನೆಲದ ಮೇಲೆ ಅದನ್ನು ಕಾಣುವುದು ಕಷ್ಟ. ಹಾಗಾಗಿ ರಾತ್ರಿ ಪಾಳಿ, ಹಬ್ಬಕ್ಕೆ ರಜೆ ಇಲ್ಲ, ಬೆಂಗಳೂರೋ ಬಳ್ಳಾರಿಯೋ ಹಾಕಿದ ಕಡೆ ಹೋಗಬೇಕು. ಹೊಡೆತ ಬಡಿತದ ಅಪಾಯ ಇದೆ. ಆದರೆ ನಾನು ನೋಡಿದಂತೆ ಸಿಬ್ಬಂದಿಯ ಬದುಕು ಹಾಳಾಗುವುದು ಅದಕ್ಕಿಂತ ಜಾಸ್ತಿ ಸಣ್ಣ ಸಹಾಯಗಳಿಂದ. "ಅಕ್ಕಾ, ಮಗುಗೆ ಹುಷಾರಿಲ್ಲ, ನಿಮ್ಮ ಫೋನಲ್ಲಿ ಒಂದೇ ಒಂದು ಕಾಲ್." ಕರುಳು ಚುರ್ ಅನ್ನುತ್ತದೆ. ಕೊಟ್ಟರೆ ಮುಂದಿನ ವಾರ ಕೇಳುವುದು ಫೋನನ್ನೇ, ಕೊಡದಿದ್ದರೆ "ಹೋದ ವಾರ ಕೊಟ್ಟಿದ್ದನ್ನು ಹೇಳುತ್ತೇನೆ" ಎಂಬ ಬೆದರಿಕೆ. ಮಗುವಿಗೆ ಹುಷಾರಿಲ್ಲ ಎಂದರೆ ಜೈಲಿನ ದೂರವಾಣಿ ವ್ಯವಸ್ಥೆ ಇದೆ, ಮೇಲಧಿಕಾರಿ ಇದ್ದಾರೆ, ಕಲ್ಯಾಣಾಧಿಕಾರಿ ಇದ್ದಾರೆ. ಆ ದಾರಿಯಲ್ಲೇ ಮಾಡಿಸಿಕೊಡಬೇಕು. ಕರುಣೆ ಇರಲಿ, ಆದರೆ ಪುಸ್ತಕದಲ್ಲಿ ದಾಖಲಾಗುವ ಕರುಣೆ ಇರಲಿ.

ಈ ಕೆಲಸದ ಕಾನೂನನ್ನು ಈಗಲೇ ಸ್ವಲ್ಪ ಓದಿಕೊಳ್ಳಿ. ಪರೀಕ್ಷೆಯಲ್ಲಿ ಒಂದೋ ಎರಡೋ ಪ್ರಶ್ನೆ ಬಂದರೆ ಬಂತು, ನಿಮ್ಮ ಮನಸ್ಸಿಗಂತೂ ಬೇಕು. ಸಂವಿಧಾನದ 21 ಮತ್ತು 22ನೇ ವಿಧಿ, ಉಚಿತ ಕಾನೂನು ನೆರವಿನ 39ಎ. ಜೈಲಿಗೆ ಹೋದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗುವುದಿಲ್ಲ ಎಂದ ಸುನಿಲ್ ಬಾತ್ರಾ ಪ್ರಕರಣ, 1978. ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಕಲಂ: ಮರಣದಂಡನೆ, ಜೀವಾವಧಿಯಂಥ ಪ್ರಕರಣ ಬಿಟ್ಟು ಉಳಿದವುಗಳಲ್ಲಿ, ಹಿಂದೆ ಯಾವ ಅಪರಾಧದಲ್ಲೂ ದೋಷಿ ಎಂದು ತೀರ್ಪಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣೆಯಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹರು, ಜೈಲು ಅಧೀಕ್ಷಕರೇ ಕೋರ್ಟಿಗೆ ಅರ್ಜಿ ಸಲ್ಲಿಸಬೇಕು. 2024ರ ಅಕ್ಟೋಬರ್‌ನಲ್ಲಿ ಸುಕನ್ಯಾ ಶಾಂತಾ ಪ್ರಕರಣದಲ್ಲಿ ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಸ ಗುಡಿಸುವುದು ಯಾರು, ಅಡುಗೆ ಮಾಡುವುದು ಯಾರು ಎಂದು ದಿನವೂ ಹೇಳಬೇಕಾದವರು ವಾರ್ಡರ್, ಹಾಗಾಗಿ ಆ ತೀರ್ಪು ನೇರವಾಗಿ ನಿಮ್ಮ ಮೇಲೇ ಬರುತ್ತದೆ.

ನಮ್ಮದೇ ಒಂದು ಪ್ರಕರಣವಿದೆ, ಅದನ್ನು ನನ್ನ ಹತ್ತಿರ ಬರುವ ಎಲ್ಲರಿಗೂ ಓದಿಸುತ್ತೇನೆ. ಬೆಂಗಳೂರು ಕೇಂದ್ರ ಕಾರಾಗೃಹದ ರಾಮಮೂರ್ತಿ ಎಂಬ ಬಂಧಿ ಭಾರತದ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಕಿಕ್ಕಿರಿದ ಬ್ಯಾರಕ್, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಸಾಲದ ಊಟ ಬಟ್ಟೆ, ಒಳಗಿನ ಕೆಟ್ಟ ಚಟಗಳು, ಮನೆಯವರೊಂದಿಗೆ ಸಂಪರ್ಕದ ಕೊರತೆ, ಸಂದರ್ಶನದ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. ಈ ಪಟ್ಟಿಯಲ್ಲಿ ಹೆಚ್ಚಿನವು ಇವತ್ತಿಗೂ ಇವೆ. ಬೆಳಿಗ್ಗೆ ಬೀಗ ತೆಗೆಯುವವರ ಕೈಯಲ್ಲಿ ಇವುಗಳ ಒಂದಿಷ್ಟು ಪರಿಹಾರವೂ ಇದೆ. ಜ್ವರ ಬಂದವರನ್ನು ಅವತ್ತೇ ಡಾಕ್ಟರಿಗೆ ತೋರಿಸುವುದು, ವಕೀಲರಿಲ್ಲದವರ ಹೆಸರನ್ನು ಕಾನೂನು ನೆರವಿನವರಿಗೆ ಬರೆದುಕೊಡುವುದು ವಾರ್ಡರ್ ಮನಸ್ಸು ಮಾಡಿದರೆ ಆಗುವ ಕೆಲಸಗಳೇ.

ನಿಮ್ಮೂರ ಕಡೆಯ ಯಾರಾದರೂ ಮಹಿಳಾ ವಾರ್ಡರ್ ಆಗಿದ್ದಾರಾ ವಿಚಾರಿಸಿ. ಸಿಕ್ಕರೆ ರಜೆಯ ದಿನ ಅವರ ಮನೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿ, ರಾತ್ರಿ ಪಾಳಿ ಹೇಗಿರುತ್ತದೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ರಜೆ ಎಷ್ಟು ಸಿಗುತ್ತದೆ ಎಂದು ನೇರವಾಗಿ ಕೇಳಿ. ಅವರ ಮಾತು ಕೇಳಿದ ಮೇಲೂ ನಿಮಗೆ ಈ ಕೆಲಸ ಬೇಕು ಅನ್ನಿಸಿದರೆ ಓದು ಮುಂದುವರಿಸಿ. ಬೇಡ ಅನ್ನಿಸಿದರೂ ಓದಿದ್ದು ಎಲ್ಲೂ ಹೋಗುವುದಿಲ್ಲ, ಅದೇ ನೋಟ್ಸ್ ಇಟ್ಟುಕೊಂಡು ಎಸ್‌ಡಿಎ ಪರೀಕ್ಷೆ ಬರೆಯಿರಿ. ಅಲ್ಲಿಯವರೆಗೆ ಈ ವಾರ ಮೂರು ಕಡೆ ಹೋಗಿಬನ್ನಿ: ಆರೋಗ್ಯ ಕೇಂದ್ರ, ನಾಡಕಚೇರಿ, ನೀವು ಓದಿದ ಶಾಲೆ.